ಪ್ಲೇಗ್ ಲಸಿಕೆಯಲ್ಲಿ ತುಪ್ಪ ಇತ್ತಾ? ಹುಬ್ಬಳ್ಳಿಯ ಜನರಿಗೆ ಚುಚ್ಚುಮದ್ದು ಕೊಟ್ಟ ಹಾಫ್‌ಕಿನ್ ಅವರ ಕಥೆ

ನೂರಿಪ್ಪತ್ತೈದು ವರ್ಷಗಳ ಹಿಂದೆ ಪ್ಲೇಗ್ ಲಸಿಕೆ ತಯಾರಿಸಲು ತುಪ್ಪ ಬಳಸುತ್ತಿದ್ದರು. ಇದು ನಿಜ. ಆದರೆ ಈ ಒಂದೇ ಸಾಲನ್ನು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದರೆ ಏನಾಗಬಹುದು ಊಹಿಸಿ. ಸಂಜೆಯೊಳಗೆ ಅದು ತುಪ್ಪ ತಿಂದರೆ ಪ್ಲೇಗ್ ಬರುವುದಿಲ್ಲ ಎಂದಾಗುತ್ತದೆ. ಮರುದಿನ ಬೆಳಿಗ್ಗೆ, ತುಪ್ಪವೇ ನಮ್ಮ ನ್ಯಾನೋ ಔಷಧಿ ಎಂದಾಗಿ ನಿಮ್ಮ ಮೊಬೈಲಿಗೇ ವಾಪಸ್ ಬರುತ್ತದೆ.

ಆ ತುಪ್ಪ ಅಲ್ಲಿ ಏನು ಕೆಲಸ ಮಾಡುತ್ತಿತ್ತು? ಇಂದು ಆಸ್ಪತ್ರೆಗಳಲ್ಲಿ ಬಳಸುವ ನ್ಯಾನೋಎಮಲ್ಷನ್ ಅಂದರೆ ಅತಿ ಸಣ್ಣ ಎಣ್ಣೆ ಹನಿಗಳ ಔಷಧಿಗೂ ಆ ತುಪ್ಪಕ್ಕೂ ಸಂಬಂಧ ಇದೆಯಾ? ಉತ್ತರ ತಿಳಿಯಬೇಕಾದರೆ ಒಬ್ಬ ಮನುಷ್ಯನ ಬದುಕಿನ ಕಥೆ ತಿಳಿಯಬೇಕು. ಅವರ ಹೆಸರು ವಾಲ್ಡೆಮಾರ್ ಹಾಫ್‌ಕಿನ್. ಅವರ ಲಸಿಕೆಯ ದೊಡ್ಡ ಪರೀಕ್ಷೆಗಳಲ್ಲಿ ಒಂದು ನಡೆದದ್ದು ನಮ್ಮ ಹುಬ್ಬಳ್ಳಿಯಲ್ಲೇ, 1898ರಲ್ಲಿ.

ಒಡೆಸ್ಸಾದ ಹುಡುಗ, ಪ್ಯಾರಿಸ್‌ನ ಗ್ರಂಥಪಾಲಕ

ಹಾಫ್‌ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ಕಪ್ಪು ಸಮುದ್ರದ ದಂಡೆಯ ಒಡೆಸ್ಸಾ ಪಟ್ಟಣದಲ್ಲಿ. ಆಗ ಅದು ರಷ್ಯಾ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು, ಈಗ ಉಕ್ರೇನ್ ದೇಶದಲ್ಲಿದೆ. ಅವರದು ಯಹೂದಿ ಕುಟುಂಬ. ಒಡೆಸ್ಸಾ ವಿಶ್ವವಿದ್ಯಾಲಯದಲ್ಲಿ ಅವರಿಗೆ ಪಾಠ ಹೇಳಿದವರು ಇಲ್ಯಾ ಮೆಚ್ನಿಕಾಫ್. ನಮ್ಮ ರಕ್ತದ ಬಿಳಿ ಕಣಗಳು ರೋಗಾಣುಗಳನ್ನು ನುಂಗುತ್ತವೆ ಎಂದು ತೋರಿಸಿ ಮುಂದೆ ನೊಬೆಲ್ ಪಡೆದ ವಿಜ್ಞಾನಿ ಅವರೇ.

1881ರಲ್ಲಿ ಒಡೆಸ್ಸಾದಲ್ಲಿ ಯಹೂದಿಗಳ ಮೇಲೆ ದೊಂಬಿ ದಾಳಿ ನಡೆಯಿತು. ಓಣಿ ಕಾಯಲು ನಿಂತ ಯುವಕರ ಗುಂಪಿನಲ್ಲಿ ಹಾಫ್‌ಕಿನ್ ಇದ್ದರು. ಗಾಯಗೊಂಡರು, ಬಂಧನಕ್ಕೂ ಒಳಗಾದರು. ಗುರುಗಳು ನೆರವಿಗೆ ಬಂದರು. ಓದು ಮುಗಿದ ಮೇಲೆ ಮತಾಂತರವಾದರೆ ವಿಶ್ವವಿದ್ಯಾಲಯದಲ್ಲಿ ಒಳ್ಳೆಯ ಹುದ್ದೆ ಸಿಗುವಂತಿತ್ತು. ಅವರು ಒಪ್ಪಲಿಲ್ಲ. ಪ್ರಾಣಿಶಾಸ್ತ್ರ ಮ್ಯೂಸಿಯಂನಲ್ಲಿ ಸಣ್ಣ ಕೆಲಸ ಮಾಡಿಕೊಂಡು ಉಳಿದರು.

1888ರಲ್ಲಿ ಊರು ಬಿಟ್ಟು ಜಿನೀವಾಕ್ಕೆ ಹೋದರು. ಮರುವರ್ಷ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆ ಸೇರಿದರು. ಅಲ್ಲಿ ಖಾಲಿ ಇದ್ದದ್ದು ಗ್ರಂಥಪಾಲಕನ ಕೆಲಸ ಮಾತ್ರ. ಅದನ್ನೇ ಒಪ್ಪಿಕೊಂಡರು. ಹಗಲು ಪುಸ್ತಕ ನೋಡಿಕೊಳ್ಳುವುದು, ಬಿಡುವು ಸಿಕ್ಕಾಗ ಪ್ರಯೋಗಾಲಯದಲ್ಲಿ ಕಾಲರಾ ರೋಗಾಣುವಿನ ಬೆನ್ನು ಹತ್ತುವುದು. ಹೀಗೆ ಕಾಲರಾ ಲಸಿಕೆ ತಯಾರಾಯಿತು. 1892ರ ಜುಲೈ 18ರಂದು ಅದನ್ನು ಮೊದಲು ಚುಚ್ಚಿಕೊಂಡದ್ದು ತಮ್ಮ ಮೈಗೇ. ಜ್ವರ ಬಂತು, ಹೋಯಿತು. ಮನುಷ್ಯರು ತಾಳಿಕೊಳ್ಳಬಲ್ಲರು ಎಂಬುದು ಗೊತ್ತಾಯಿತು. ಆದರೆ ಅದು ಕಾಲರಾ ತಡೆಯುತ್ತದೆಯೇ ಎಂದು ನೋಡಲು ಕಾಲರಾ ಇರುವ ಊರಿಗೇ ಹೋಗಬೇಕಿತ್ತು.

ಹಿಂದೆ ಭಾರತದ ವೈಸರಾಯ್ ಆಗಿದ್ದ ಲಾರ್ಡ್ ಡಫರಿನ್ ಆಗ ಪ್ಯಾರಿಸ್‌ನಲ್ಲಿ ಬ್ರಿಟನ್ನಿನ ರಾಯಭಾರಿ. ಭಾರತಕ್ಕೆ ಹೋಗುವಂತೆ ಸೂಚಿಸಿದವರು ಅವರು. 1893ರ ಮಾರ್ಚ್‌ನಲ್ಲಿ ಹಾಫ್‌ಕಿನ್ ಕಲ್ಕತ್ತಾಕ್ಕೆ ಬಂದಿಳಿದರು. ಮುಂದಿನ ಎರಡೂವರೆ ವರ್ಷಗಳಲ್ಲಿ 40 ಸಾವಿರಕ್ಕೂ ಹೆಚ್ಚು ಜನ ಅವರ ಕಾಲರಾ ಲಸಿಕೆ ಹಾಕಿಸಿಕೊಂಡರು. ನಡುವೆ ಮಲೇರಿಯಾ ಹಿಡಿದು ಅವರೇ ಹಾಸಿಗೆ ಹಿಡಿದರು, ಚಿಕಿತ್ಸೆಗೆ ಹೋಗಿ ಮತ್ತೆ ಬಂದರು.

ಬಾಂಬೆಯಲ್ಲಿ ಒಂದು ಕೋಣೆ, ಸಾರು ಮತ್ತು ತುಪ್ಪ

1896ರ ಸೆಪ್ಟೆಂಬರ್‌ನಲ್ಲಿ ಬಾಂಬೆಯ ಮಾಂಡ್ವಿ ಪ್ರದೇಶದಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಜನ ಊರು ಬಿಡಲು ಶುರು ಮಾಡಿದರು. ಸರ್ಕಾರ ಅಕ್ಟೋಬರ್‌ನಲ್ಲಿ ಹಾಫ್‌ಕಿನ್ ಅವರನ್ನು ಅಲ್ಲಿಗೆ ಕಳುಹಿಸಿತು. ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಸಿಕ್ಕ ಜಾಗವೇ ಅವರ ಪ್ರಯೋಗಾಲಯ. ನೆರವಿಗೆ ಒಬ್ಬ ಗುಮಾಸ್ತ, ಮೂವರು ಜವಾನರು.

ಲಸಿಕೆ ಮಾಡಬೇಕಾದರೆ ಮೊದಲು ರೋಗಾಣುವನ್ನು ಬೇಕಾದಷ್ಟು ಬೆಳೆಸಬೇಕು. ಅದಕ್ಕೆ ಮಾಂಸದ ಸಾರು ಆಹಾರ. ಆದರೆ ಸಾರಿನಲ್ಲಿ ಬಿಟ್ಟರೆ ಪ್ಲೇಗ್ ಬ್ಯಾಕ್ಟೀರಿಯಾ ಕೆಳಗೆ ಕೂತುಬಿಡುತ್ತಿತ್ತು, ಸರಿಯಾಗಿ ಹೆಚ್ಚುತ್ತಿರಲಿಲ್ಲ. ಅದಕ್ಕೆ ಹಿಡಿದುಕೊಳ್ಳಲು ಗಾಳಿ ಸಿಗುವ ಮೇಲ್ಭಾಗದಲ್ಲಿ ಏನಾದರೂ ಬೇಕಿತ್ತು. ಹಾಫ್‌ಕಿನ್ ಸಾರಿನ ಮೇಲೆ ಕೆಲವು ಹನಿ ತುಪ್ಪ ಅಥವಾ ತೆಂಗಿನೆಣ್ಣೆ ತೇಲಿಸಿದರು.

ಅಷ್ಟೇ. ಬ್ಯಾಕ್ಟೀರಿಯಾ ತುಪ್ಪದ ಹನಿಗಳ ಅಡಿಗೆ ಅಂಟಿಕೊಂಡು, ಅಟ್ಟದಿಂದ ಜೇಡರ ಬಲೆ ಇಳಿಬಿದ್ದಂತೆ ಉದ್ದುದ್ದ ಎಳೆಗಳಾಗಿ ಕೆಳಗೆ ಬೆಳೆಯಿತು. ಫ್ಲಾಸ್ಕನ್ನು ಅಲ್ಲಾಡಿಸಿದರೆ ಎಳೆಗಳು ಕಳಚಿ ತಳ ಸೇರುತ್ತಿದ್ದವು, ಮೇಲೆ ಹೊಸ ಬೆಳೆ ಬರುತ್ತಿತ್ತು. ಹೀಗೆ ಸುಮಾರು ಆರು ವಾರ. ಇನ್ನೊಂದು ಲಾಭವೂ ಇತ್ತು. ಇಂಥ ಎಳೆ ಕಂಡರೆ ಒಳಗಿರುವುದು ಪ್ಲೇಗ್ ಬ್ಯಾಕ್ಟೀರಿಯಾ ಎಂದು ಗುರುತು ಸಿಗುತ್ತಿತ್ತು. ಬೇರೆ ಏನಾದರೂ ಕಾಣಿಸಿದರೆ ಆ ಫ್ಲಾಸ್ಕ್ ಬೇಡ.

ಕೊನೆಗೆ ಎಲ್ಲವನ್ನೂ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಿ ಬ್ಯಾಕ್ಟೀರಿಯಾವನ್ನು ಸಾಯಿಸುತ್ತಿದ್ದರು. ಆಮೇಲೆ ಶೇ 0.5ರಷ್ಟು ಕಾರ್ಬಾಲಿಕ್ ಆಮ್ಲ ಸೇರಿಸುತ್ತಿದ್ದರು. ಬೇರೆ ರೋಗಾಣು ಒಳಗೆ ಬೆಳೆಯದಂತೆ ಅದು ಕಾವಲು. ಈ ಕಾರ್ಬಾಲಿಕ್ ಆಮ್ಲವನ್ನು ನೆನಪಿನಲ್ಲಿಡಿ. ಮುಂದೆ ಕಥೆಯಲ್ಲಿ ಮತ್ತೆ ಬರುತ್ತದೆ.

ಹಾಗಾದರೆ ತುಪ್ಪ ಲಸಿಕೆಯೇ? ಅಲ್ಲ. ತುಪ್ಪ ರೋಗಾಣು ಬೆಳೆಯಲು ತೇಲುವ ಚಪ್ಪರವಾಗಿತ್ತು ಅಷ್ಟೇ. ರಕ್ಷಣೆ ಕೊಟ್ಟದ್ದು ಸತ್ತ ಬ್ಯಾಕ್ಟೀರಿಯಾ ಮತ್ತು ಸಾರಿನಲ್ಲಿ ಬೆರೆತ ಅದರ ಅಂಶಗಳು. ಚಪ್ಪರದ ಮೇಲೆ ಹಬ್ಬಿದ ಬಳ್ಳಿಯಲ್ಲಿ ಕಾಯಿ ಬಿಟ್ಟರೆ ಚಪ್ಪರದ ಕೋಲನ್ನು ಪಲ್ಯ ಮಾಡುತ್ತೇವೆಯೇ? ತುಪ್ಪ ತಿಂದು ಪ್ಲೇಗ್ ತಡೆಯಬಹುದು ಎನ್ನುವುದೂ ಹಾಗೆಯೇ.

1897ರ ಜನವರಿ 10ರಂದು ಹಾಫ್‌ಕಿನ್ ಈ ಲಸಿಕೆಯನ್ನೂ ಮೊದಲು ತಮಗೇ ಚುಚ್ಚಿಸಿಕೊಂಡರು. ಆಮೇಲೆ ದೊಡ್ಡವರಿಗೆ ಕೊಡುತ್ತಿದ್ದ ಪ್ರಮಾಣ ಎರಡೂವರೆಯಿಂದ ಮೂರು ಮಿಲಿಲೀಟರ್. ಅವರು ತೆಗೆದುಕೊಂಡದ್ದು 10 ಮಿಲಿಲೀಟರ್. ಜ್ವರ, ಮೈಕೈ ನೋವು ಬಂತು. ಆದರೂ ಕೆಲಸ ನಿಲ್ಲಿಸಲಿಲ್ಲ.

ಅದೇ ತಿಂಗಳ ಕೊನೆಗೆ ಬೈಕುಲ್ಲಾ ಜೈಲಿನಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಒಪ್ಪಿದ ಕೈದಿಗಳಿಗೆ ಲಸಿಕೆ ಹಾಕಿ, ಉಳಿದವರ ಜತೆ ಹೋಲಿಸಿ ನೋಡಿದರು. ಚುಚ್ಚಿದ ದಿನವೇ ರೋಗ ಬಲಿತಿದ್ದವರನ್ನು ಬಿಟ್ಟರೆ, ಲಸಿಕೆ ಪಡೆದವರಲ್ಲಿ 2 ಮಂದಿಗೆ ರೋಗ ಬಂತು, ಯಾರೂ ಸಾಯಲಿಲ್ಲ. ಪಡೆಯದವರಲ್ಲಿ 12 ಮಂದಿಗೆ ಬಂತು, 6 ಮಂದಿ ಸತ್ತರು. ಆದರೂ ಇವು ಸಣ್ಣ ಸಂಖ್ಯೆಗಳು. ಜೈಲಿನಲ್ಲಿ ಕೈದಿ ಕೊಟ್ಟ ಒಪ್ಪಿಗೆಯನ್ನು ಇಂದಿನ ನಿಯಮಗಳು ಸುಲಭವಾಗಿ ಒಪ್ಪುವುದೂ ಇಲ್ಲ.

1898: ಹುಬ್ಬಳ್ಳಿಯ ಮಳೆಗಾಲ

ಆಗಿನ ಧಾರವಾಡ ಜಿಲ್ಲೆ ಬಾಂಬೆ ಪ್ರಾಂತ್ಯದ ಭಾಗ. ಹುಬ್ಬಳ್ಳಿ ಹತ್ತಿಯ ದೊಡ್ಡ ಮಾರುಕಟ್ಟೆ, ಸದರ್ನ್ ಮರಾಠಾ ರೈಲ್ವೆಯ ವರ್ಕ್‌ಶಾಪ್ ಇದ್ದ ಊರು. ನಾಲ್ಕೂ ದಿಕ್ಕಿನಿಂದ ಜನ, ಸರಕು ಬಂದು ಹೋಗುತ್ತಿತ್ತು. ಜನಸಂಖ್ಯೆ ಸುಮಾರು 50 ಸಾವಿರ. 1898ರಲ್ಲಿ ಪ್ಲೇಗ್ ಇಲ್ಲಿ ಭೀಕರವಾಗಿ ಹರಡಿತು. ಧಾರವಾಡ, ಗದಗಗಳನ್ನೂ ಬಿಡಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಬೆಂಗಳೂರಿಗೂ ಮುಟ್ಟಿತು.

ಮನೆಯಲ್ಲಿ ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲದ ಕಥೆಗಳನ್ನು ನಿಮ್ಮ ಮನೆಯ ಹಿರಿಯರೂ ಅವರ ಹಿರಿಯರಿಂದ ಕೇಳಿರಬಹುದು. ಇಲಿಯ ಮೈಮೇಲಿನ ಚಿಗಟ ಕಚ್ಚಿ ರೋಗ ಹರಡುತ್ತದೆ ಎಂಬುದನ್ನು ಪಾಲ್ ಲೂಯಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದೂ 1898ರಲ್ಲೇ. ಆದರೆ ಅದನ್ನು ಎಲ್ಲರೂ ಒಪ್ಪಲು ಇನ್ನೂ ಹಲವು ವರ್ಷ ಬೇಕಾಯಿತು. ಜನರಿಗೆ ಕಾಣುತ್ತಿದ್ದದ್ದು ಇಲಿ ಸಾಯುವುದು, ಆಮೇಲೆ ಮನುಷ್ಯರು ಸಾಯುವುದು.

ಸರ್ಕಾರದ ಮೇಲೆ ಜನರಿಗೆ ನಂಬಿಕೆಯೂ ಇರಲಿಲ್ಲ, ಅದಕ್ಕೆ ಕಾರಣವೂ ಇತ್ತು. ಪ್ಲೇಗ್ ತಡೆಯುವ ಹೆಸರಿನಲ್ಲಿ ಸೈನಿಕರು ಮನೆ ನುಗ್ಗಿ ತಪಾಸಣೆ ಮಾಡುತ್ತಿದ್ದರು, ರೋಗಿಗಳನ್ನು ಎತ್ತಿಕೊಂಡು ಹೋಗುತ್ತಿದ್ದರು. ಈ ಸಿಟ್ಟಿನಲ್ಲೇ 1897ರ ಜೂನ್‌ನಲ್ಲಿ ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಅವರ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದ್ದರು. ಆಸ್ಪತ್ರೆಗೆ ಹೋದವರನ್ನು ಕೊಲ್ಲುತ್ತಾರೆ, ಸೂಜಿಯಲ್ಲಿ ವಿಷ ಇದೆ ಎಂಬ ಸುದ್ದಿಗಳು ಊರಿಂದೂರಿಗೆ ಓಡುತ್ತಿದ್ದವು. ಮೊಬೈಲ್ ಇರಲಿಲ್ಲ, ಫಾರ್ವರ್ಡ್‌ಗಳು ಆಗಲೂ ಇದ್ದವು.

ಇಂಥ ಹೊತ್ತಿನಲ್ಲಿ ಹುಬ್ಬಳ್ಳಿಯಲ್ಲಿ ಚುಚ್ಚುಮದ್ದಿನ ಕೆಲಸ ವಹಿಸಿಕೊಂಡವರು ಸೇನೆಯ ವೈದ್ಯಕೀಯ ಸೇವೆಯ ಅಧಿಕಾರಿ ಕ್ಯಾಪ್ಟನ್ ಲ್ಯೂಮನ್. ಲಸಿಕೆ ಬಂದದ್ದು ಬಾಂಬೆಯಲ್ಲಿದ್ದ ಹಾಫ್‌ಕಿನ್ ಅವರ ಪ್ರಯೋಗಾಲಯದಿಂದ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ, ಮಳೆಗಾಲ ಪೂರ್ತಿ ಕೆಲಸ ನಡೆಯಿತು. 35 ಸಾವಿರಕ್ಕೂ ಹೆಚ್ಚು ಜನ ಚುಚ್ಚಿಸಿಕೊಂಡರು. ಹಲವರು ಎರಡು ಸಲ ಚುಚ್ಚಿಸಿಕೊಂಡರು. ಒಂದು ಇಡೀ ಪಟ್ಟಣದಲ್ಲಿ, ಪ್ಲೇಗ್ ಉರಿಯುತ್ತಿರುವಾಗಲೇ, ಇಷ್ಟು ಪಾಲು ಜನ ಲಸಿಕೆ ಪಡೆದದ್ದು ಆ ಕಾಲಕ್ಕೆ ದೊಡ್ಡ ಸಂಗತಿ.

ಲ್ಯೂಮನ್ ವಾರವಾರ ಲೆಕ್ಕ ಬರೆದಿಟ್ಟರು. ಪಡೆದವರಿಗಿಂತ ಪಡೆಯದವರಲ್ಲಿ ಸಾವಿನ ಪ್ರಮಾಣ ತುಂಬಾ ಹೆಚ್ಚಿತ್ತು. ಹಾಫ್‌ಕಿನ್ ಈ ಲೆಕ್ಕವನ್ನು ತಮ್ಮ ಲಸಿಕೆಯ ದೊಡ್ಡ ಸಾಕ್ಷಿಯಾಗಿ ಮುಂದಿಟ್ಟರು.

ಆದರೆ ಆ ಲೆಕ್ಕವನ್ನು ಕಣ್ಣುಮುಚ್ಚಿ ಯಾರೂ ಒಪ್ಪಲಿಲ್ಲ. ಎಡಿನ್‌ಬರೋದ ಪ್ರೊಫೆಸರ್ ಫ್ರೇಸರ್ ನೇತೃತ್ವದ ಭಾರತ ಪ್ಲೇಗ್ ಆಯೋಗ ಕಾಗದಪತ್ರಗಳನ್ನು ಕೆದಕಿ ನೋಡಿತು. ಜನ ಊರು ಬಿಟ್ಟು ಹೋಗುತ್ತಿರುವಾಗ, ಲಸಿಕೆ ಪಡೆಯದೆ ಊರಲ್ಲಿ ಉಳಿದವರು ನಿಜವಾಗಿ ಎಷ್ಟು ಮಂದಿ? ಎಲ್ಲ ಸಾವುಗಳೂ ದಾಖಲಾಗಿವೆಯೇ? ಇಂಥ ಪ್ರಶ್ನೆ ಕೇಳಿ, ಅಂಕಿಗಳು ಪೂರ್ತಿ ನಿಖರವಲ್ಲ ಎಂದಿತು. ಆದರೂ ಆಯೋಗದ ಕೊನೆಯ ತೀರ್ಮಾನ ಲಸಿಕೆಯ ಪರವಾಗಿತ್ತು. ರೋಗ ತಗಲುವುದೂ ಕಡಿಮೆಯಾಗುತ್ತದೆ, ಸಾವೂ ಕಡಿಮೆಯಾಗುತ್ತದೆ, ಆದರೆ ರಕ್ಷಣೆ ನೂರಕ್ಕೆ ನೂರು ಅಲ್ಲ ಎಂದು ಅದು ಹೇಳಿತು. ಒಳ್ಳೆಯ ವಿಜ್ಞಾನ ನಡೆಯುವುದು ಹೀಗೆ. ತಪ್ಪು ಇದ್ದರೆ ತೋರಿಸುವುದು, ನಿಜ ಇದ್ದರೆ ಉಳಿಸಿಕೊಳ್ಳುವುದು.

ಒಂದು ಬಾಟಲಿ, 19 ಸಾವು

1899ರಲ್ಲಿ ಪ್ರಯೋಗಾಲಯ ಪರೇಲ್‌ನ ಹಳೆಯ ಗವರ್ನರ್ ಬಂಗಲೆಗೆ ಬಂತು. ಲಸಿಕೆಗೆ ಬೇಡಿಕೆ ಏರುತ್ತಲೇ ಇತ್ತು. ಪಂಜಾಬ್ ಸರ್ಕಾರ ಲಕ್ಷಾಂತರ ಡೋಸ್ ಕೇಳಿತು. ಬೇಗ ತಯಾರಿಸಲೆಂದು ಹಾಫ್‌ಕಿನ್ ವಿಧಾನ ಬದಲಿಸಿದರು. ಸಾರು, ತುಪ್ಪದ ಬದಲು ಅಗರ್ ಎಂಬ ಅಂಟಿನ ಮೇಲೆ ಬ್ಯಾಕ್ಟೀರಿಯಾ ಬೆಳೆಸುವುದು, ಕಾಯಿಸಿ ಸಾಯಿಸುವುದು. ಕಾರ್ಬಾಲಿಕ್ ಆಮ್ಲವನ್ನು ಕೈಬಿಟ್ಟರು.

1902ರ ಅಕ್ಟೋಬರ್ 30. ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿ, ಈಗ ಅದು ಪಾಕಿಸ್ತಾನದಲ್ಲಿದೆ. ಅಂದು 107 ಜನರಿಗೆ ಐದು ಬಾಟಲಿಗಳಿಂದ ಲಸಿಕೆ ಹಾಕಿದರು. ಒಂದು ವಾರದ ಹೊತ್ತಿಗೆ ಅವರಲ್ಲಿ ಕೆಲವರ ದವಡೆ ಬಿಗಿಯತೊಡಗಿತು. ಅದು ಧನುರ್ವಾಯು. 19 ಜನ ಸತ್ತರು. ಆ 19 ಜನರಿಗೂ ಲಸಿಕೆ ಹೋದದ್ದು ಒಂದೇ ಬಾಟಲಿಯಿಂದ. ಬಾಟಲಿಯ ಗುರುತು 53ಎನ್. ಉಳಿದ ನಾಲ್ಕು ಬಾಟಲಿಗಳಿಂದ ಪಡೆದವರಿಗೆ ಧನುರ್ವಾಯು ಬರಲಿಲ್ಲ.

ವಿಚಾರಣೆ ನಡೆಯಿತು. ಬಾಟಲಿ ಪ್ರಯೋಗಾಲಯದಿಂದ ಹೊರಡುವ ಮೊದಲೇ ಕೆಟ್ಟಿತ್ತು ಎಂದು ಆಯೋಗ ಹೇಳಿತು. ಕಾರ್ಬಾಲಿಕ್ ಆಮ್ಲ ಬಿಟ್ಟದ್ದನ್ನೂ ದೊಡ್ಡ ತಪ್ಪೆಂದು ಎತ್ತಿ ತೋರಿಸಿತು. ಹಾಫ್‌ಕಿನ್ ಹುದ್ದೆ ಕಳೆದುಕೊಂಡು ಯುರೋಪಿಗೆ ಹೋದರು. ಲಸಿಕೆಯ ಮೇಲೆ ಜನ ಇಟ್ಟಿದ್ದ ಅಷ್ಟಿಷ್ಟು ನಂಬಿಕೆಯೂ ಕುಸಿಯಿತು. ಪಂಜಾಬಿನ ಕಾರ್ಯಕ್ರಮಕ್ಕೆ ದೊಡ್ಡ ಹೊಡೆತ ಬಿತ್ತು. ಆ ನಂತರದ ವರ್ಷಗಳಲ್ಲೇ ಅಲ್ಲಿ ಪ್ಲೇಗ್ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು.

ಆದರೆ ವಿಚಾರಣೆಯ ಕಡತದಲ್ಲೇ ಇನ್ನೊಂದು ಸಂಗತಿ ಇತ್ತು. ಆ ಬಾಟಲಿಯ ಮುಚ್ಚಳ ತೆಗೆಯುವಾಗ ಕಾಂಪೌಂಡರ್ ಕೈಯಿಂದ ಚಿಮುಟ ನೆಲಕ್ಕೆ ಬಿದ್ದಿತ್ತು. ಅದನ್ನು ಎತ್ತಿ, ಕಾರ್ಬಾಲಿಕ್ ದ್ರಾವಣದಲ್ಲಿ ಒಮ್ಮೆ ಅದ್ದಿ, ಅದರಿಂದಲೇ ಮುಚ್ಚಳ ಎಳೆದಿದ್ದರು. ಧನುರ್ವಾಯು ರೋಗಾಣುವಿನ ಬೀಜಕಣಗಳು ಇರುವುದೇ ಮಣ್ಣಿನಲ್ಲಿ. ಅವು ಎಷ್ಟು ಗಟ್ಟಿ ಎಂದರೆ ಹಾಗೆ ಅದ್ದಿ ತೆಗೆದರೆ ಸಾಯುವುದಿಲ್ಲ.

ಇನ್ನೆರಡು ಸುಳಿವುಗಳೂ ಇದ್ದವು. ಬಾಟಲಿ ಮುಚ್ಚಿ 41 ದಿನ ಆಗಿತ್ತು. ಮೊದಲೇ ಧನುರ್ವಾಯು ರೋಗಾಣು ಒಳಗಿದ್ದಿದ್ದರೆ ಇಷ್ಟು ದಿನದಲ್ಲಿ ಬೆಳೆದು ಗಬ್ಬು ನಾರಬೇಕಿತ್ತು. ತೆರೆದಾಗ ಅಂಥ ವಾಸನೆ ಯಾರಿಗೂ ಬಂದಿರಲಿಲ್ಲ. ವಿಷ ಮೊದಲೇ ತುಂಬಿಕೊಂಡಿದ್ದರೆ ರೋಗದ ಲಕ್ಷಣ ಇನ್ನೂ ಬೇಗ ಕಾಣಬೇಕಿತ್ತು. ವಾರ ಹಿಡಿದದ್ದು ಬೀಜಕಣಗಳು ಅಂದೇ ಒಳಹೊಕ್ಕವು ಎಂಬುದರ ಕಡೆ ಬೆರಳು ಮಾಡುತ್ತಿತ್ತು.

ಮಲೇರಿಯಾ ಸೊಳ್ಳೆಯಿಂದ ಬರುತ್ತದೆ ಎಂದು ತೋರಿಸಿ ನೊಬೆಲ್ ಪಡೆದಿದ್ದ ರೊನಾಲ್ಡ್ ರಾಸ್ ಈ ಅನ್ಯಾಯದ ವಿರುದ್ಧ ದನಿ ಎತ್ತಿದರು. 1907ರ ಜುಲೈ 29ರಂದು ರಾಸ್ ಸೇರಿ ಹತ್ತು ಮಂದಿ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಹಾಫ್‌ಕಿನ್ ಪರ ಪತ್ರ ಪ್ರಕಟಿಸಿದರು. ಸರ್ಕಾರ ಆರೋಪ ಕೈಬಿಟ್ಟಿತು. ಅಷ್ಟು ಹೊತ್ತಿಗೆ ಐದು ವರ್ಷ ಕಳೆದುಹೋಗಿತ್ತು.

ಅದೇ ವರ್ಷ ಅವರು ಕಲ್ಕತ್ತಾಕ್ಕೆ ಮರಳಿದರು. ಆದರೆ ತಾವೇ ಕಟ್ಟಿದ ಬಾಂಬೆ ಪ್ರಯೋಗಾಲಯ ಮತ್ತೆ ಅವರ ಕೈಗೆ ಬರಲಿಲ್ಲ. ಜನರ ಮೇಲೆ ಹೊಸ ಲಸಿಕೆ ಪರೀಕ್ಷಿಸುವ ಅವಕಾಶವೂ ಸಿಗಲಿಲ್ಲ. ಮೊದಲ ಮಹಾಯುದ್ಧ ಶುರುವಾದ ಹೊತ್ತಿಗೆ ನಿವೃತ್ತಿಯಾಗಿ ಹೊರಟುಹೋದರು. ಕೊನೆಯ ವರ್ಷಗಳನ್ನು ಧರ್ಮಚಿಂತನೆಯಲ್ಲಿ ಕಳೆದು, ತಮ್ಮ ಹಣವನ್ನು ಯಹೂದಿ ಧಾರ್ಮಿಕ ಪಾಠಶಾಲೆಗಳಿಗೆ ಬರೆದಿಟ್ಟರು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್‌ಲೆಂಡಿನ ಲೌಸಾನ್‌ನಲ್ಲಿ ತೀರಿಕೊಂಡರು. ಅದಕ್ಕೂ ಐದು ವರ್ಷ ಮೊದಲು, 1925ರಲ್ಲಿ, ಬಾಂಬೆಯ ಪ್ರಯೋಗಾಲಯಕ್ಕೆ ಹಾಫ್‌ಕಿನ್ ಸಂಸ್ಥೆ ಎಂದು ಹೆಸರಿಟ್ಟಿದ್ದರು. ಮುಂಬೈನ ಪರೇಲ್‌ನಲ್ಲಿ ಅದು ಇಂದಿಗೂ ಇದೆ. 1964ರಲ್ಲಿ ಭಾರತ ಸರ್ಕಾರ ಅವರ ಅಂಚೆಚೀಟಿ ಹೊರತಂದಿತು.

ಇಂದಿನ ಲಸಿಕೆಯಲ್ಲಿ ಎಣ್ಣೆ ಯಾಕೆ?

ಹಾಫ್‌ಕಿನ್ ಅವರ ಬದುಕು ಕಲಿಸುವ ಪಾಠ ಒಂದೇ. ಔಷಧಿ ಎಂದರೆ ಬರೀ ಔಷಧಿಯಲ್ಲ. ಅದನ್ನು ಹೊತ್ತು ತರುವ ದ್ರವ, ಅದರೊಳಗಿನ ಎಣ್ಣೆ ಅಥವಾ ಆಮ್ಲ, ಬಾಟಲಿ, ಮುಚ್ಚಳ, ಮುಚ್ಚಳ ತೆಗೆಯುವ ಕೈ ಎಲ್ಲವೂ ಸೇರಿದರೆ ಮಾತ್ರ ಔಷಧಿ. ಇದು ಇಂದಿನ ನ್ಯಾನೋಎಮಲ್ಷನ್‌ಗೂ ಅಷ್ಟೇ ಸರಿ.

ಎಮಲ್ಷನ್ ಎಂದರೆ ಹೆದರಬೇಡಿ. ನೀವು ದಿನಾ ಕುಡಿಯುವ ಹಾಲೇ ಎಮಲ್ಷನ್. ನೀರಿನಲ್ಲಿ ಕೊಬ್ಬಿನ ಸಣ್ಣ ಹನಿಗಳು ಹರಡಿಕೊಂಡಿರುತ್ತವೆ. ನೀರಿಗೆ ಎಣ್ಣೆ ಹಾಕಿ ಎಷ್ಟು ಕಲಕಿದರೂ ಸ್ವಲ್ಪ ಹೊತ್ತಿಗೆ ಎಣ್ಣೆ ಮೇಲೆ ಬರುತ್ತದೆ. ಹಾಲಿನಲ್ಲಿ ಹಾಗಾಗದಂತೆ ಪ್ರತಿ ಕೊಬ್ಬಿನ ಹನಿಯ ಸುತ್ತ ಒಂದು ತೆಳುವಾದ ಪೊರೆ ಇರುತ್ತದೆ. ಔಷಧಿ ತಯಾರಿಸುವವರು ಸೋಯಾ ಅಥವಾ ಮೊಟ್ಟೆಯ ಹಳದಿಯಿಂದ ಸಿಗುವ ಲೆಸಿತಿನ್‌ನಂಥ ವಸ್ತು ಬಳಸಿ ಅಂಥದೇ ಪೊರೆ ಕಟ್ಟುತ್ತಾರೆ.

ಹಾಲಿನ ಕೊಬ್ಬಿನ ಹನಿಗಳು ಸಾಮಾನ್ಯವಾಗಿ ಒಂದರಿಂದ ಹತ್ತು ಮೈಕ್ರೋಮೀಟರ್. ಹೆಚ್ಚಿನ ಒತ್ತಡದ ಯಂತ್ರದಲ್ಲಿ ಹಾಯಿಸಿ ಹನಿಗಳನ್ನು ಒಡೆದು 200 ನ್ಯಾನೋಮೀಟರ್‌ಗಿಂತ ಸಣ್ಣದು ಮಾಡಿದರೆ ಅದು ನ್ಯಾನೋಎಮಲ್ಷನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 80 ಸಾವಿರ ನ್ಯಾನೋಮೀಟರ್ ಎಂದರೆ, ಈ ಹನಿ ಎಷ್ಟು ಸಣ್ಣದು ಲೆಕ್ಕ ಹಾಕಿ.

ಇದರಿಂದ ಏನು ಲಾಭ? ಬಹಳಷ್ಟು ಔಷಧಿಗಳು ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತವೆ. ಎಣ್ಣೆಯನ್ನು ಹಾಗೇ ರಕ್ತಕ್ಕೆ ಚುಚ್ಚಿದರೆ ರಕ್ತನಾಳ ಕಟ್ಟಿಕೊಂಡು ಪ್ರಾಣಕ್ಕೇ ಅಪಾಯ. ಅತಿ ಸಣ್ಣ ಹನಿಗಳಾಗಿ ಕೊಟ್ಟರೆ ಔಷಧಿ ಸುರಕ್ಷಿತವಾಗಿ ಸಾಗುತ್ತದೆ. ಆಪರೇಷನ್‌ಗೆ ಮೊದಲು ಹಾಲಿನಂಥ ಬಿಳಿ ಇಂಜೆಕ್ಷನ್ ಕೊಟ್ಟು ನಿದ್ದೆ ಬರಿಸುವುದನ್ನು ನೋಡಿದ್ದೀರಾ? ಅದು ಪ್ರೊಪೋಫಾಲ್. ಬಿಳಿ ಬಣ್ಣ ಔಷಧಿಯದಲ್ಲ, ಅದನ್ನು ಹೊತ್ತಿರುವ ಸೋಯಾ ಎಣ್ಣೆಯ ಹನಿಗಳದು. ಈ ಔಷಧಿಯನ್ನು ಮೊದಲು ಬೇರೊಂದು ದ್ರಾವಕದಲ್ಲಿ ಕೊಟ್ಟಾಗ ಕೆಲವರಿಗೆ ತೀವ್ರ ಅಲರ್ಜಿ ಆಗಿತ್ತು. ಔಷಧಿ ಅದೇ ಇತ್ತು, ಹೊತ್ತು ತರುವ ವಾಹನ ಬದಲಾಯಿತು, ತೊಂದರೆ ತುಂಬಾ ಕಡಿಮೆಯಾಯಿತು.

ಲಸಿಕೆಗಳಲ್ಲೂ ಎಣ್ಣೆ ಹನಿಗಳಿಗೆ ಕೆಲಸ ಇದೆ. ವಯಸ್ಸಾದವರಲ್ಲಿ ಲಸಿಕೆಗೆ ದೇಹ ಸರಿಯಾಗಿ ಎಚ್ಚೆತ್ತುಕೊಳ್ಳುವುದಿಲ್ಲ. ಅವರಿಗೆ ಕೊಡುವ ಫ್ಲೂ ಲಸಿಕೆಯಲ್ಲಿ ಎಂಎಫ್ 59 ಎಂಬ ಎಮಲ್ಷನ್ ಸೇರಿಸಿದರು. 1997ರಲ್ಲಿ ಇಟಲಿ ಇದಕ್ಕೆ ಮೊದಲು ಅನುಮತಿ ಕೊಟ್ಟಿತು. ಇದರಲ್ಲಿರುವುದು ಸ್ಕ್ವಾಲೀನ್ ಎಂಬ ಎಣ್ಣೆ. ನಮ್ಮ ದೇಹವೂ ಇದನ್ನು ತಯಾರಿಸುತ್ತದೆ. ಹನಿಯ ಗಾತ್ರ ಸುಮಾರು 160 ನ್ಯಾನೋಮೀಟರ್. ಇದು ಚುಚ್ಚಿದ ಜಾಗಕ್ಕೆ ರಕ್ಷಣಾ ಕಣಗಳನ್ನು ಕರೆತರುತ್ತದೆ. ನಮ್ಮ ದೇಶದಲ್ಲಿ ಪುಣೆಯ ಜೆನ್ನೋವಾ ಕಂಪನಿಯ ಎಂಆರ್‌ಎನ್‌ಎ ಕೋವಿಡ್ ಲಸಿಕೆಗೆ 2022ರ ಜೂನ್‌ನಲ್ಲಿ ತುರ್ತು ಬಳಕೆಯ ಅನುಮತಿ ಸಿಕ್ಕಿತು. ಅದರಲ್ಲೂ ಎಂಆರ್‌ಎನ್‌ಎಯನ್ನು ಹೊತ್ತು ತರುವುದು ಇಂಥ ಸಣ್ಣ ಎಣ್ಣೆ ಹನಿಗಳೇ.

ಹಾಫ್‌ಕಿನ್ ಅವರ ತುಪ್ಪಕ್ಕೂ ಇದಕ್ಕೂ ವ್ಯತ್ಯಾಸ ಈಗ ಗೊತ್ತಾಯಿತಲ್ಲ? ಆ ತುಪ್ಪ ಫ್ಲಾಸ್ಕಿನಲ್ಲಿ ರೋಗಾಣು ಬೆಳೆಸಲು ಇತ್ತು. ಈ ಎಣ್ಣೆ ದೇಹದೊಳಗೆ ಔಷಧಿ ಹೊರಲು ಇದೆ. ಎರಡೂ ಎಣ್ಣೆ ಎಂಬುದಷ್ಟೇ ಸಮಾನ.

ಮಲ್ಕೋವಾಲ್ ಇನ್ನೂ ನಮ್ಮ ಜತೆಗಿದೆ

ಎಣ್ಣೆ ಹನಿಗಳಿಗೆ ಒಂದು ದೋಷವೂ ಇದೆ. ಪ್ರೊಪೋಫಾಲ್‌ನಂಥ ಬಿಳಿ ದ್ರವಕ್ಕೆ ಹೊರಗಿನ ರೋಗಾಣು ಬಿದ್ದರೆ ಅದು ಸೊಗಸಾಗಿ ಬೆಳೆಯುತ್ತದೆ. 1990ರ ಸುಮಾರಿಗೆ ಅಮೆರಿಕದ ಕೆಲವು ಆಸ್ಪತ್ರೆಗಳಲ್ಲಿ ಆಪರೇಷನ್ ಆದವರಿಗೆ ಸೋಂಕು ತಗಲಿತು. ಹುಡುಕಿದಾಗ ಕಾರಣ ಸಿಕ್ಕಿದ್ದು ಔಷಧಿಯಲ್ಲಿ ಅಲ್ಲ. ತೆರೆದಿಟ್ಟ ಬಾಟಲಿ, ಸರಿಯಾಗಿ ಸ್ವಚ್ಛವಿಲ್ಲದ ಕೈ, ಒಂದೇ ಸಿರಿಂಜನ್ನು ಮತ್ತೆ ಬಳಸಿದ್ದು ಕಾರಣವಾಗಿತ್ತು. ಮಲ್ಕೋವಾಲ್‌ನ ಚಿಮುಟದ ಕಥೆಯೇ ಮತ್ತೆ ನಡೆದಿತ್ತು. ಆಮೇಲೆ ರೋಗಾಣು ಬೆಳೆಯುವುದನ್ನು ನಿಧಾನಿಸುವ ವಸ್ತು ಸೇರಿಸಿದ ಪ್ರೊಪೋಫಾಲ್ ಬಂತು. ತೆರೆದ ಬಾಟಲಿಯನ್ನು ಕೆಲವೇ ಗಂಟೆಗಳಲ್ಲಿ ಬಳಸಬೇಕು, ಉಳಿದದ್ದನ್ನು ಎಸೆಯಬೇಕು ಎಂಬ ನಿಯಮ ಬಿಗಿಯಾಯಿತು.

ಸಣ್ಣ ಹನಿಗಳಿಂದ ಇಲ್ಲೊಂದು ಅನುಕೂಲವೂ ಇದೆ. ಎಂಎಫ್ 59ರ 160 ನ್ಯಾನೋಮೀಟರ್ ಹನಿಗಳು, ಬ್ಯಾಕ್ಟೀರಿಯಾ ತಡೆಯುವ 220 ನ್ಯಾನೋಮೀಟರ್ ರಂಧ್ರದ ಸೋಸುವ ಪೊರೆಯಿಂದ ಪಾರಾಗುತ್ತವೆ. ಬ್ಯಾಕ್ಟೀರಿಯಾ ಅಲ್ಲೇ ಉಳಿಯುತ್ತದೆ. ಹಾಫ್‌ಕಿನ್ ಅವರಿಗೆ ಇಂಥ ಅನುಕೂಲ ಇರಲಿಲ್ಲ. ಅವರ ಬಳಿ ಇದ್ದದ್ದು ಬೆಂಕಿ, ಆಮ್ಲ ಮತ್ತು ಎಚ್ಚರ ಮಾತ್ರ.

ಫಾರ್ವರ್ಡ್ ಮಾಡುವ ಮುನ್ನ

ತುಪ್ಪ ತಿಂದರೆ ಪ್ಲೇಗ್ ಬರುವುದಿಲ್ಲ ಎನ್ನುವುದು ಸುಳ್ಳು. ಪ್ಲೇಗ್‌ಗೆ ಇಂದು ಆ್ಯಂಟಿಬಯೋಟಿಕ್ ಇದೆ, ಬೇಗ ಆಸ್ಪತ್ರೆಗೆ ಹೋದರೆ ಗುಣವಾಗುತ್ತದೆ.

ಡಬ್ಬಿಯ ಮೇಲೆ ನ್ಯಾನೋ ಎಂದು ಬರೆದ ಮಾತ್ರಕ್ಕೆ ಅದು ಔಷಧಿಯಲ್ಲ. ಒಳಗೆ ಏನಿದೆ, ಹನಿಯ ಗಾತ್ರ ಯಾರು ಅಳೆದರು, ಮನುಷ್ಯರ ಮೇಲೆ ಪರೀಕ್ಷೆ ಆಗಿದೆಯೇ, ಔಷಧ ನಿಯಂತ್ರಣ ಇಲಾಖೆಯ ಅನುಮತಿ ಇದೆಯೇ ಎಂದು ಕೇಳಿ. ಮನೆಯಲ್ಲಿ ಮಿಕ್ಸಿಗೆ ಎಣ್ಣೆ, ಅರಿಶಿಣ ಹಾಕಿ ತಿರುಗಿಸಿದರೆ ನ್ಯಾನೋಎಮಲ್ಷನ್ ಆಗುವುದಿಲ್ಲ.

ಒಂದು ಬಾಟಲಿ ಕೆಟ್ಟಿತು ಎಂದ ಮಾತ್ರಕ್ಕೆ ಲಸಿಕೆಯೇ ಕೆಟ್ಟದ್ದು ಎಂದಾಗುವುದಿಲ್ಲ. ಹಾಗೆಂದು ಆ ಬಾಟಲಿಯನ್ನು ಮರೆಯುವುದೂ ಸರಿಯಲ್ಲ. ನಿಮಗೆ ಇಂಜೆಕ್ಷನ್ ಕೊಡುವಾಗ ಹೊಸ ಸಿರಿಂಜ್, ಹೊಸ ಸೂಜಿ ತೆಗೆಯುವುದನ್ನು ನೋಡಿ. ಬಾಟಲಿಯ ದಿನಾಂಕ ಕೇಳಿ. ಇದು ಅನುಮಾನವಲ್ಲ, ನಿಮ್ಮ ಹಕ್ಕು.

1898ರ ಮಳೆಗಾಲದಲ್ಲಿ ಹುಬ್ಬಳ್ಳಿಯ 35 ಸಾವಿರ ಮಂದಿ ಗಾಳಿಸುದ್ದಿಗಳ ನಡುವೆಯೂ ತೋಳು ಮುಂದೆ ಚಾಚಿದರು. ಅವರಲ್ಲಿ ಹಲವರು ಬದುಕಿ ಉಳಿದದ್ದರಿಂದಲೇ ಇಂದು ಇದನ್ನು ಓದುತ್ತಿರುವ ಕೆಲವರಾದರೂ ಇದ್ದೀರಿ. ಈ ಲೇಖನವನ್ನು ಕಳುಹಿಸುವುದಾದರೆ ಮೊದಲ ಸಾಲನ್ನಷ್ಟೇ ಅಲ್ಲ, ಪೂರ್ತಿ ಕಳುಹಿಸಿ.